ಮೂವತ್ತನೇ ಕಿಲೋಮೀಟರಿನ ಮಾತು

ಅವನು ನಿಲ್ಲಲೇ ಇಲ್ಲ!

ಮೂವತ್ತನೇ ಕಿಲೋಮೀಟರಿನ ಹಳದಿ ಕಂಬ ದಾಟಿದ. ನೀರಿನ ಬಾಟಲಿಗಳ ಮೇಜು ದಾಟಿದ. ಎಡಕ್ಕೆ ಹೊರಳುವ ತಿರುವನ್ನೂ ದಾಟಿ, ಅದೇ ಹದವಾದ ಹೆಜ್ಜೆಯಲ್ಲಿ ಓಡುತ್ತಲೇ ಹೋಗಿಬಿಟ್ಟ. ಕಂಬದ ಪಕ್ಕ ನಿಂತಿದ್ದವಳ ಬಾಯಿ ತೆರೆದದ್ದು ತೆರೆದೇ ಇತ್ತು.

'ಅಯ್ಯೋ ದೇವರೇ... ಇವನಿಗೇನಾಯ್ತು? ಇಲ್ಲಿ ನಿಲ್ಲಬೇಕಿತ್ತಲ್ಲ!'

ಮ್ಯಾರಥಾನ್ ಓಟದ ಗಂಧಗಾಳಿ ಇಲ್ಲದವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ನಲವತ್ತೆರಡು ಕಿಲೋಮೀಟರಿನ ಆ ಓಟದಲ್ಲಿ ಮುಂದೆ ಓಡುವವನು ಗೆಲ್ಲಲೆಂದೇ ಓಡುತ್ತಾನೆ ಅಂದುಕೊಳ್ಳಬೇಡಿ. ಓಟದ ಸಂಘದವರು ಒಬ್ಬನನ್ನು ಗೊತ್ತುಮಾಡಿ ಮುಂದೆ ಬಿಡುತ್ತಾರೆ. ಅವನು ವೇಗ ಹಿಡಿದು ಕೊಡುತ್ತಾನೆ, ಎದುರುಗಾಳಿಗೆ ಎದೆಯೊಡ್ಡುತ್ತಾನೆ. ಹಿಂದಿನವರು ಅವನ ಬೆನ್ನನ್ನೇ ನೋಡಿಕೊಂಡು ಓಡುತ್ತಾರೆ. ಅವನಿಗೆ ಪೇಸರ್ ಅನ್ನುತ್ತಾರೆ. ಮೂವತ್ತನೇ ಕಿಲೋಮೀಟರಿಗೆ ಅವನು ಪಕ್ಕಕ್ಕೆ ಸರಿದು ನಿಲ್ಲಬೇಕು, ಕರಾರೇ ಹಾಗೆ. ಹೆಸರು, ಪದಕ, ಹಾರ ಎಲ್ಲ ಹಿಂದೆ ಬಂದವರಿಗೆ.

ಇವನನ್ನು ಓಟದ ಬಳಗದವರೆಲ್ಲ 'ಅರ್ಧ' ಎಂದು ಕರೆಯುತ್ತಿದ್ದರು. ನಲವತ್ತೊಂದು ಮ್ಯಾರಥಾನ್ ಓಡಿದ್ದಾನೆ, ಒಂದನ್ನೂ ಮುಗಿಸಿಲ್ಲ. ಅಡ್ಡಹೆಸರು ಬರದೇ ಇನ್ನೇನಾದೀತು?

ಅವಳಿಗೂ ಒಂದು ಅಡ್ಡಹೆಸರಿತ್ತು. 'ಪಟ್ಟಿ'. ಸಂಘದ ಕಚೇರಿಯಲ್ಲಿ ಕ್ರೀಡಾಪಟುಗಳ, ತರಬೇತುದಾರರ ಸಾಧನೆಗಳ ಪಟ್ಟಿ ಬರೆಯುವುದು ಅವಳ ಕೆಲಸ. ಯಾರು, ಯಾವ ವರ್ಷ, ಎಷ್ಟನೇ ಸ್ಥಾನ, ಎಷ್ಟು ಸಮಯ... ಎಲ್ಲ ಅವಳ ಬೆರಳ ತುದಿಯಲ್ಲಿ. ಅರ್ಧನ ಪಟ್ಟಿಯನ್ನೂ ಅವಳೇ ಬರೆದಿದ್ದಳು. ನಲವತ್ತೊಂದು ಸಾಲು. ಪ್ರತಿ ಸಾಲಿನ ಎದುರೂ ಒಂದೇ ಮಾತು: 'ಓಟ ಪೂರೈಸಿಲ್ಲ.'

ಓಟದ ದಿನ ಮಾತ್ರ ಅವಳಿಗೆ ಆ ಹಳದಿ ಕಂಬದ ಬಳಿ ಡ್ಯೂಟಿ. ಪೇಸರ್ ಹತ್ತಿರ ಬಂದೊಡನೆ ಕೆಂಪು ಬಾವುಟ ಎತ್ತಿ "ಬಿಡು!" ಎಂದು ಕೂಗಬೇಕು. ಬಾವುಟ ಎದ್ದ ಮೇಲೆಯೇ ಅವನು ಓಟ ಬಿಡಬೇಕು. ಎರಡು ವರ್ಷದಿಂದ ಹೀಗೇ ನಡೆದಿತ್ತು.

ಇವತ್ತು ಮಾತ್ರ ಅವನು ಬಿಡಲಿಲ್ಲ!

ಅದೂ ಎಂಥ ದಿನ! ಇವತ್ತು ಗೆದ್ದವನಿಗೆ ದೇಶದ ತಂಡದಲ್ಲಿ ಜಾಗ. ಇರುವುದು ಒಂದೇ ಜಾಗ. ಪೇಸರ್‌ನ ಹಿಂದೆ ಓಡಿಬರುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ. ಅಣ್ಣನಿಗೆ ತರಬೇತಿ ಕೊಟ್ಟವನು ಅವರ ಸ್ವಂತ ಸೋದರಮಾವ. ಇಡೀ ಮನೆಯೇ ಈ ಒಂದು ದಿನಕ್ಕೋಸ್ಕರ ಎರಡು ವರ್ಷ ಬದುಕಿತ್ತು.

*

ಸಂಘದ ವ್ಯಾನಿನಲ್ಲಿ ಅವಳು ಮುಕ್ತಾಯದ ಗೆರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರ್ಧ ಮೊದಲನೆಯವನಾಗಿ ಬಂದಿದ್ದ. ಅಣ್ಣ ಬಂದದ್ದು ಎರಡನೆಯವನಾಗಿ, ಎರಡು ನಿಮಿಷ ತಡವಾಗಿ. ಗೆರೆ ದಾಟಿದವನೇ ಮಂಡಿಯೂರಿ ಕುಸಿದು, ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳ ಮೈಯೆಲ್ಲ ಉರಿದುಹೋಯಿತು. ಜನರನ್ನು ತಳ್ಳಿಕೊಂಡು ನೇರ ಅರ್ಧನ ಎದುರು ಹೋಗಿ ನಿಂತಳು. ಅವನು ಬೆವರೊರೆಸುತ್ತಾ ತಲೆಯೆತ್ತಿದ. ಅವಳನ್ನು ಕಂಡದ್ದೇ ತಡ, ಅವನ ಮುಖದಲ್ಲಿ ಒಂದು ನಗು ಅರಳಿತು. ಆ ನಗು ನೋಡಿ ಅವಳ ಪಿತ್ತ ಇನ್ನಷ್ಟು ನೆತ್ತಿಗೇರಿತು.

"ನಾಚಿಕೆ ಆಗಲ್ವೇನ್ರೀ ನಿಮಗೆ?"

ಅವನ ನಗು ಅಲ್ಲೇ ನಿಂತಿತು. "ಮೇಡಂ...?"

"ಎರಡು ವರ್ಷ ನಮ್ಮಣ್ಣನ ಜೊತೆ ಓಡಿ, ಇವತ್ತು ಅವನಿಗೇ ದ್ರೋಹ ಮಾಡಿದ್ರಲ್ಲ! ಉಂಡ ಮನೆ ಗಳ ಎಣಿಸೋದು ಅಂದ್ರೆ ಇದೇ!"

"ಮೇಡಂ, ನೀವೇ ತಾನೇ ನಂಗೆ..." ಎಂದು ಶುರುಮಾಡಿದವನು ತಟ್ಟನೆ ನಿಲ್ಲಿಸಿದ.

ಅವನ ದೃಷ್ಟಿ ಅವಳ ಹೆಗಲಾಚೆ, ನೆಲದ ಮೇಲೆ ಅಳುತ್ತಿದ್ದ ಅಣ್ಣನ ಕಡೆ ಹೋಯಿತು. ಮತ್ತೆ ಅವಳ ಕಡೆ ಬಂತು. ಏನೋ ಅರ್ಥವಾದವನಂತೆ ಅವನ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು.

"ನಾನೇ ಏನು? ಹೇಳ್ರೀ! ಬಾಯಿಗೆ ಬೀಗ ಬಿತ್ತಾ?"

"ಏನಿಲ್ಲ ಮೇಡಂ... ತಪ್ಪಾಯ್ತು." ಅಷ್ಟು ಹೇಳಿ, ಕೊರಳಲ್ಲಿದ್ದ ಪದಕ ತೆಗೆದು ಜೇಬಿಗೆ ಹಾಕಿಕೊಂಡು ಹೊರಟುಹೋದ.

'ಎಷ್ಟು ಕೊಬ್ಬು! ತಪ್ಪಾಯ್ತಂತೆ, ತಪ್ಪು!' ಎಂದುಕೊಂಡಳು ಅವಳು. ಪಾಪದ ಹುಡುಗಿ, ಅವಳಿಗೇನು ಗೊತ್ತು?

*

ಅರ್ಧನ ಗೆಲುವು ರದ್ದಾಗಿ ಆ ಜಾಗ ಅಣ್ಣನಿಗೆ ಸಿಗಲೆಂದು ಮರುದಿನವೇ ಮಾವ ದೂರು ಕೊಟ್ಟ. ಶುಕ್ರವಾರ ಹತ್ತು ಗಂಟೆಗೆ ವಿಚಾರಣೆ ಎಂದು ಗೊತ್ತಾಯಿತು. ಕಂಬದ ಬಳಿ ಇದ್ದವಳ ಹೇಳಿಕೆ ಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಅವಳು ಒಂದು ಕ್ಷಣವೂ ಯೋಚಿಸದೆ ಬರೆದುಕೊಟ್ಟಳು: 'ನಾನು ಬಾವುಟ ಎತ್ತಿದೆ. ಬಿಡು ಎಂದು ಕೂಗಿದೆ. ಅವರು ಬೇಕೆಂದೇ ನಿಲ್ಲಲಿಲ್ಲ.' ಕೆಳಗೆ ಸಹಿ.

ನಿಮ್ಮಾಣೆ, ಅವಳು ಸುಳ್ಳು ಬರೆಯಲಿಲ್ಲ. ಎರಡು ವರ್ಷದ ರೂಢಿ ನೋಡಿ, ಹಾಗೇ ನಡೆದದ್ದು ಎಂದು ಮನಸಾರೆ ನಂಬಿದ್ದಳು.

ಗುರುವಾರ ಮಧ್ಯಾಹ್ನ, ಕಚೇರಿಯವರೆಲ್ಲ ಊಟಕ್ಕೆ ಹೋಗಿದ್ದಾಗ, ಅವಳು ಕಂಬದ ಕ್ಯಾಮೆರಾದ ವಿಡಿಯೋ ತೆರೆದಳು. ಯಾರು ಎಷ್ಟು ಹೊತ್ತಿಗೆ ಕಂಬ ದಾಟಿದರು ಎಂದು ಪಟ್ಟಿಗೆ ಸೇರಿಸಬೇಕಿತ್ತು, ಅಷ್ಟೆ.

ಅರ್ಧ ಬಂದ. ಅವನ ಹಿಂದೆ ಅಣ್ಣ. ಅರೆ, ಅಣ್ಣ ಅಷ್ಟು ಹಿಂದಿದ್ದನಾ? ಹದಿನೈದು ಹೆಜ್ಜೆ ಹಿಂದೆ! ಪಕ್ಕೆ ಹಿಡಿದುಕೊಂಡು, ತಲೆ ವಾಲಿಸಿಕೊಂಡು, ಇನ್ನೇನು ನಿಂತೇಬಿಡುವವನ ಹಾಗೆ...

ಕಂಬದ ಪಕ್ಕ ಅವಳು. ಕೈಯಲ್ಲಿ ಬಾವುಟ.

ಬಾವುಟ ಮೇಲೇಳಲಿಲ್ಲ.

ಅವಳು ಕಣ್ಣುಜ್ಜಿಕೊಂಡು ಹಿಂದಕ್ಕೆ ಓಡಿಸಿ ನೋಡಿದಳು. ಮತ್ತೆ ನೋಡಿದಳು. ಸುತ್ತಿದ ಬಾವುಟವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು ಅವಳು ಏನೋ ಕೂಗುತ್ತಿದ್ದಳು. ಏನು ಕೂಗುತ್ತಿದ್ದಾಳೆ? ಧ್ವನಿ ಜೋರು ಮಾಡಿದಳು.

"ಬಿಡಬೇಡ! ಬಿಡಬೇಡ ಕಣೋ!"

ಅವಳದೇ ದನಿ!

ಕುರ್ಚಿ ಹಿಂದಕ್ಕೆ ಸರಿದದ್ದು, ಲೋಟ ಉರುಳಿ ಮೇಜಿನ ಮೇಲೆಲ್ಲ ನೀರು ಹರಿದದ್ದು ಒಂದೂ ಅವಳ ಗಮನಕ್ಕೆ ಬರಲಿಲ್ಲ.

ಸೋಲುತ್ತಿದ್ದ ಅಣ್ಣನನ್ನು ಕಂಡ ಗಾಬರಿಯಲ್ಲಿ ಬಾವುಟವನ್ನೇ ಮರೆತು, ಧೈರ್ಯ ಬಿಡಬೇಡ, ಓಟ ಬಿಡಬೇಡ ಎಂದು ಅವಳು ಅಣ್ಣನಿಗೆ ಕೂಗಿದ್ದಳು. ಆದರೆ ಆ ಕ್ಷಣಕ್ಕೆ ಸರಿಯಾಗಿ ಅವಳ ಮುಂದೆ ಹಾದುಹೋಗುತ್ತಿದ್ದವನು ಅರ್ಧ! ಎರಡು ವರ್ಷ 'ಬಿಡು' ಎಂಬ ಒಂದೇ ಮಾತಿಗೆ ಕಿವಿಗೊಟ್ಟು ಓಟ ಬಿಟ್ಟವನಿಗೆ, ಅದೇ ಬಾಯಿ, ಅದೇ ಕಂಬದ ಬಳಿ, 'ಬಿಡಬೇಡ' ಎಂದಿತ್ತು. ಬಾವುಟ ಏಳದೆ ಪೇಸರ್ ತಾನಾಗಿ ನಿಲ್ಲುವಂತಿಲ್ಲ ಎನ್ನುವ ನಿಯಮ ಬೇರೆ. ಅವನು ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ!

'ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ ಮಾಡಿಬಿಟ್ಟೆನಲ್ಲ... ಅಷ್ಟು ಜನರೆದುರು ದ್ರೋಹಿ ಅಂದೆನಲ್ಲ... ನೀವೇ ತಾನೇ ಅಂತ ಶುರುಮಾಡಿದವನು ಯಾಕೆ ಸುಮ್ಮನಾದ?'

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವಳು ಬಾಯಿಗೆ ಕೈಯಡ್ಡ ಹಿಡಿದು ಅತ್ತುಬಿಟ್ಟಳು.

*

ಮನೆಗೆ ಓಡಿಬಂದಾಗ ಅಡುಗೆಮನೆಯಲ್ಲಿ ಅಣ್ಣ ಮಂಜುಗಡ್ಡೆಯ ನೀರಿನ ಟಬ್ಬಿನಲ್ಲಿ ಕಾಲಿಟ್ಟು ಕುಳಿತಿದ್ದ. ಮಾವ ಊಟದ ಮೇಜಿನ ಮೇಲೆ ತನ್ನ ಸಾಧನೆಗಳ ಪಟ್ಟಿ ಹರವಿಕೊಂಡಿದ್ದ. ನಾಲ್ಕು ಪುಟ. ಈ ವರ್ಷದ ಶ್ರೇಷ್ಠ ತರಬೇತುದಾರ ಪ್ರಶಸ್ತಿಗೆ ಅರ್ಜಿ.

"ಬಾರಮ್ಮ ಪಟ್ಟಿ! ನಾಳೆ ತೀರ್ಪು ಬಂದ ತಕ್ಷಣ ಒಂದು ಸಾಲು ಸೇರಿಸ್ಬೇಕು. 'ಶಿಷ್ಯ ದೇಶದ ತಂಡಕ್ಕೆ ಆಯ್ಕೆ' ಅಂತ. ಅದೊಂದೇ ಬಾಕಿ ನಂಗೆ."

"ಮಾವ... ತಪ್ಪು ಅವನದಲ್ಲ. ನಂದು."

ಹೇಳಿದಳು. ಎಲ್ಲವನ್ನೂ ಹೇಳಿದಳು. ಮಾವನ ಪೆನ್ನು ಕೈಯಲ್ಲೇ ನಿಂತಿತು. ಅಣ್ಣ ಟಬ್ಬಿನೊಳಗೇ ಎದ್ದು ನಿಂತು ಮತ್ತೆ ಕೂತ.

"ಯಾರಿಗಾದ್ರೂ ತೋರಿಸಿದ್ಯಾ?" ಮಾವ ಮೆಲ್ಲಗೆ ಕೇಳಿದ.

"ಇಲ್ಲ."

"ಒಳ್ಳೇದಾಯ್ತು. ಅದನ್ನ ಅಳಿಸಿಬಿಡು."

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಶಿಸ್ತು, ನಿಯಮ ಎಂದು ಮೂವತ್ತು ವರ್ಷ ಸಿಳ್ಳೆ ಊದಿದ ಮನುಷ್ಯ ಇವನೇನಾ?

"ಮಾವ! ಅವನ ಗೆಲುವು ಕಿತ್ಕೋತಾರೆ. ಎರಡು ವರ್ಷ ಓಡೋ ಹಾಗಿಲ್ಲ ಅಂತಾರೆ!"

"ನಿಜ ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ಇವನ ಜಾಗಾನೂ ಹೋಗುತ್ತೆ. ನಲವತ್ತೊಂದು ಸಲ ಬಿಟ್ಟೋನಿಗೆ ಇನ್ನೊಂದು ಸಲ ಬಿಡೋದು ಕಷ್ಟಾನಾ? ಸ್ವಲ್ಪ ಬುದ್ಧಿ ಉಪಯೋಗಿಸು ತಾಯಿ."

"ಅಣ್ಣ, ನೀನಾದ್ರೂ ಹೇಳೋ..."

ಅಣ್ಣ ಮಂಜುಗಡ್ಡೆಯನ್ನೇ ನೋಡುತ್ತಿದ್ದ. "ನಂಗೆ ಮೂವತ್ತನಾಲ್ಕು ಆಯ್ತು ಕಣೇ. ಇದೇ ಕೊನೇ ಅವಕಾಶ..." ಎಂದವನ ದನಿ ಒಡೆಯಿತು.

ಒಂದು ಕಡೆ ಒಡಹುಟ್ಟಿದವನ ಕನಸು. ಇನ್ನೊಂದು ಕಡೆ, ತಾನು ಮಾತಿನಿಂದಲೇ ಕೊಂದುಹಾಕಿದ ಒಬ್ಬನ ಜೀವಮಾನದ ಒಂದೇ ಒಂದು ಗೆಲುವು. ಹೇಳಿದರೆ ಮನೆ ಮುರಿಯುತ್ತದೆ. ಹೇಳದಿದ್ದರೆ... ಹೇಳದಿದ್ದರೆ ಅವಳು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು ಹೇಗೆ?

*

ಶುಕ್ರವಾರ ಹತ್ತು ಗಂಟೆ. ಉದ್ದನೆಯ ಮೇಜು. ಒಂದು ಕಡೆ ಕಾರ್ಯದರ್ಶಿಗಳು, ಅವರ ಎಡಬಲಕ್ಕೆ ಇಬ್ಬರು ಹಿರಿಯ ಮಾಜಿ ಓಟಗಾರರು. ಗೋಡೆ ಬದಿ ಮಾವ, ಅಣ್ಣ, ಅವಳು. ಎದುರು ಒಂಟಿ ಕುರ್ಚಿಯಲ್ಲಿ ಅರ್ಧ. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಮಾತ್ರ ಅದೇ ಸವೆದ ಓಟದ ಶೂ.

ಅವನು ಹೇಗೂ ನಿಜ ಹೇಳಿಯೇ ಹೇಳುತ್ತಾನೆ, ಆಮೇಲೆ ತಾನು ಎದ್ದು ಹೌದು ಎಂದರಾಯಿತು ಎಂದು ಅವಳು ಲೆಕ್ಕ ಹಾಕಿದ್ದಳು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕುಳಿತಿದ್ದಳು.

"ಬಾವುಟ ನೋಡಿದ್ರಾ?" ಕಾರ್ಯದರ್ಶಿಗಳು ಕೇಳಿದರು.

"ನೋಡ್ದೆ ಸಾರ್."

ಅವಳು ಬೆಚ್ಚಿಬಿದ್ದಳು. 'ಏನು? ಬಾವುಟ ನೋಡಿದೆ ಅಂದನಾ?'

"ಬಿಡು ಅಂತ ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು ಸಾರ್. ಸ್ಪಷ್ಟವಾಗಿ ಕೇಳಿಸ್ತು."

"ಆದ್ರೂ ಯಾಕೆ ನಿಲ್ಲಲಿಲ್ಲ?"

"ಆಸೆ ಆಯ್ತು ಸಾರ್. ಒಂದ್ಸಲ ಗೆಲ್ಲೋಣ ಅನ್ನಿಸ್ತು. ತಪ್ಪು ನಂದೇ. ಮೇಡಂ ಅವರ ಕೆಲಸ ಅವರು ಸರಿಯಾಗೇ ಮಾಡಿದ್ರು."

ಅವನು ಒಮ್ಮೆಯೂ ಅವಳ ಕಡೆ ನೋಡಲಿಲ್ಲ.

'ಇವನು ಸುಳ್ಳು ಹೇಳ್ತಿದ್ದಾನೆ... ನನಗೋಸ್ಕರ! ಬೈದವಳಿಗೋಸ್ಕರ! ಯಾಕೆ... ಯಾಕೆ?'

ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ಹೇಳೋಕೆ ಇನ್ನೇನೂ ಉಳಿದಿಲ್ಲ. ಎರಡು ವರ್ಷದ ನಿಷೇಧ. ಫಲಿತಾಂಶ ರದ್ದು..."

"ಬರೀಬೇಡಿ ಸಾರ್!"

ಅವಳು ಎದ್ದು ನಿಂತಿದ್ದಳು.

"ನಾನು ಬರೆದುಕೊಟ್ಟ ಹೇಳಿಕೆ ಸುಳ್ಳು. ನಾನು ಬಾವುಟ ಎತ್ತಲೇ ಇಲ್ಲ."

"ಕೂತ್ಕೋ!" ಮಾವ ಹಲ್ಲು ಕಚ್ಚಿ ಗದರಿಸಿದ.

"ಮೇಡಂ, ಸುಮ್ನಿರಿ... ನಿಮಗೆ ನೆನಪಿಲ್ಲ, ಎತ್ತಿದ್ರಿ," ಅರ್ಧ ಗಾಬರಿಯಿಂದ ಎದ್ದ. "ಸಾರ್, ಅವರಿಗೆ ಪಾಪ ಗೊಂದಲ ಆಗಿದೆ."

"ನೀವು ಬಾಯಿ ಮುಚ್ಚಿ ಕೂತ್ಕೊಳ್ರೀ! ನಿಮ್ಮ ಸಲುವಾಗೇ ಮಾತಾಡ್ತಿದ್ದೀನಿ, ಗೊತ್ತಾಗಲ್ವಾ?" ಎಂದು ಅಳುತ್ತಲೇ ಗದರಿಸಿದಳು. ಅಂಥ ಹೊತ್ತಿನಲ್ಲೂ ಹಿರಿಯ ಓಟಗಾರರಲ್ಲೊಬ್ಬರಿಗೆ ನಗು ತಡೆಯಲಾಗಲಿಲ್ಲ.

ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ವಿಡಿಯೋ ಹಚ್ಚಿದಳು. ಕೋಣೆಯ ತುಂಬ ಅವಳ ದನಿ ಮೊಳಗಿತು. "ಬಿಡಬೇಡ! ಬಿಡಬೇಡ ಕಣೋ!"

ಕಾರ್ಯದರ್ಶಿಗಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಅಣ್ಣನಿಗೆ ಕೂಗಿದ್ದು ಸಾರ್. ಇವರು ತಮಗೆ ಅಂದ್ಕೊಂಡ್ರು. ಸಂಘದ ಮಾತಿಗೆ ತಲೆಬಾಗಿ ಓಡಿದ್ರು. ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ."

"ಸಾರ್, ನನ್ನ ಅಳಿಯ... ಅಲ್ಲ, ನನ್ನ ಶಿಷ್ಯ ಎರಡು ವರ್ಷ..." ಮಾವ ತಡವರಿಸುತ್ತ ಎದ್ದ.

"ಮಾವ, ಸಾಕು." ಈ ಸಲ ಎದ್ದವನು ಅಣ್ಣ! "ಸಾರ್, ಇಪ್ಪತ್ತೆಂಟನೇ ಕಿಲೋಮೀಟರಲ್ಲೇ ನನ್ನ ಕತೆ ಮುಗಿದಿತ್ತು. ಇವನು ಅಲ್ಲಿ ನಿಂತಿದ್ರೆ ನಾನೂ ಪಕ್ಕದಲ್ಲೇ ಕೂತುಬಿಡ್ತಿದ್ದೆ. ದೂರದಲ್ಲಿ ಇವನ ಬೆನ್ನು ಕಾಣಿಸ್ತಿತ್ತು, ಅದನ್ನೇ ಹಿಡ್ಕೊಂಡು ಓಡ್ದೆ. ಇವನು ನನಗಿಂತ ಎರಡು ನಿಮಿಷ ಮುಂದೆ. ಆ ಎರಡು ನಿಮಿಷಾನ ನಾನೆಲ್ಲಿಂದ ತರಲಿ?"

ಅವಳು ಅಣ್ಣನನ್ನೇ ನೋಡಿದಳು. ನಿನ್ನೆ ಮಂಜುಗಡ್ಡೆ ನೋಡುತ್ತಾ ಕೂತವನು ಇವನೇನಾ! ಅಣ್ಣ ಅವಳತ್ತ ತಿರುಗಿ, "ಹಾಗೆ ನೋಡ್ಬೇಡ ಕಣೇ, ಅಳು ಬರುತ್ತೆ," ಎಂದ. ಅಷ್ಟರಲ್ಲಿ ಅವನಿಗೆ ಅಳು ಬಂದೇಬಿಟ್ಟಿತ್ತು.

ತೀರ್ಪಿಗೆ ಅರ್ಧ ಗಂಟೆ ಹಿಡಿಯಿತು. ಅರ್ಧನ ಗೆಲುವು ಗೆಲುವೇ. ದೇಶದ ತಂಡದ ಜಾಗವೂ ಅವನಿಗೇ. ಅವಳಿಗೆ, ಇವತ್ತಿನಿಂದಲೇ ಕೆಲಸವಿಲ್ಲ. ಮಾವ ಯಾರ ಮುಖವನ್ನೂ ನೋಡದೆ ಎದ್ದುಹೋದ. ಅಣ್ಣ ಅರ್ಧನ ಹತ್ತಿರ ಹೋಗಿ, ಅವನ ಹೆಗಲನ್ನೊಮ್ಮೆ ಗಟ್ಟಿಯಾಗಿ ಹಿಡಿದು, ಮಾವನ ಹಿಂದೆ ಹೋದ.

*

ತನ್ನ ಮೇಜು ಖಾಲಿ ಮಾಡುವ ಮೊದಲು ಅವಳಿಗೆ ಒಂದು ಕೆಲಸ ಬಾಕಿಯಿತ್ತು. ಅರ್ಧನ ಪಟ್ಟಿ ತೆರೆದಳು. ನಲವತ್ತೆರಡನೇ ಸಾಲಿನಲ್ಲಿ ಬರೆದಳು: 'ಪ್ರಥಮ.'

"ಅಲ್ಲಿ ಕಾಗುಣಿತ ತಪ್ಪಿಲ್ಲ ತಾನೇ?"

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಅವನು! ಒಳಗೆ ಬರಲೋ ಬೇಡವೋ ಎಂದು ಒಂದು ಕಾಲು ಹೊಸ್ತಿಲ ಆಚೆಯೇ ಇಟ್ಟಿದ್ದ.

"ಯಾಕೆ ಸುಳ್ಳು ಹೇಳಿದ್ರಿ?" ಅವಳು ಕೇಳಿದಳು.

"ನೀವ್ಯಾಕೆ ನಿಜ ಹೇಳಿದ್ರಿ?"

"ಮೊದ್ಲು ಕೇಳಿದ್ದು ನಾನು!"

ಅವನು ತಲೆ ಕೆರೆದುಕೊಂಡ. ಮಾತು ಅವನಿಗೆ ಓಟದಷ್ಟು ಸಲೀಸಲ್ಲ. "ಅವತ್ತು ನೀವು ಬಂದು ಬೈದಾಗಲೇ ಗೊತ್ತಾಯ್ತು, ಬಿಡಬೇಡ ಅಂದಿದ್ದು ನಂಗಲ್ಲ ಅಂತ. ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಅದಕ್ಕೆ..."

"ಓಡೋವಾಗ ಒಂದ್ಸಲ ಹಿಂದೆ ತಿರುಗಿ ನೋಡಬಾರದಿತ್ತಾ?"

"ಪೇಸರ್ ಹಿಂದೆ ತಿರುಗೋ ಹಾಗಿಲ್ಲ ಮೇಡಂ. ತಿರುಗಿದ್ರೆ ವೇಗ ತಪ್ಪುತ್ತೆ. ನಿಮ್ಮಣ್ಣ ಬೆನ್ನ ಹಿಂದೇನೇ ಇದಾರೆ ಅಂದ್ಕೊಂಡಿದ್ದೆ. ನಲವತ್ತನೇ ಕಿಲೋಮೀಟರಲ್ಲಿ ಮನಸ್ಸು ತಡೀಲಿಲ್ಲ, ತಿರುಗಿದೆ. ಹತ್ತಿರದಲ್ಲಿ ಯಾರೂ ಇರ್ಲಿಲ್ಲ." ಅವನು ತನ್ನ ಸವೆದ ಶೂ ನೋಡಿಕೊಂಡ. "ಅಲ್ಲಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಕೊನೇ ಎರಡು ಕಿಲೋಮೀಟರ್ ನಂಗೋಸ್ಕರಾನೇ ಓಡ್ದೆ. ಆಸೆ ಆಯ್ತು ಅಂದೆನಲ್ಲ, ಅದೊಂದು ಸುಳ್ಳಲ್ಲ."

"ಅಷ್ಟು ಆಸೆಪಟ್ಟು ಗೆದ್ದಿದ್ದನ್ನ ಯಾರಾದ್ರೂ ಹೀಗೆ ಬಿಟ್ಟುಕೊಡ್ತಾರಾ? ನಾನು ನಿಮಗೇನಾಗ್ಬೇಕು ಅಂತ?"

ಅವನು ಪರದೆಯ ಮೇಲಿನ ಪಟ್ಟಿಯನ್ನು ತೋರಿಸಿದ. "ಇದ್ರಲ್ಲಿ ಎಷ್ಟು ಸಲ 'ಪೂರೈಸಿಲ್ಲ' ಅಂತ ಬರ್ದಿದ್ದೀರಿ?"

"ನಲವತ್ತೊಂದು."

"ಅದ್ರಲ್ಲಿ ಕೊನೇ ಹನ್ನೊಂದು ತಪ್ಪು ಮೇಡಂ." ಅವನ ದನಿ ತಗ್ಗಿತು. "ಆ ಹನ್ನೊಂದನ್ನ ನಾನು ಪೂರೈಸಿದ್ದೆ. ಎಲ್ರೂ ಅರ್ಧ ಅರ್ಧ ಅಂತ ನಗ್ತಿದ್ರು. ನಂಗೆ ಮಾತ್ರ ಅಲ್ಲಿಗೆ ಓಟ ಪೂರ್ತಿಯಾಗ್ತಿತ್ತು. ನೀವು ಅಲ್ಲಿ ನಿಂತಿರ್ತಿದ್ರಿ."

ಅವಳ ಮೊಣಕೈ ತಾಗಿ ಮೇಜಿನ ಮೇಲಿನ ಕಾಗದಗಳು ನೆಲಕ್ಕೆ ಬಿದ್ದವು. ಎರಡು ವರ್ಷ! ಹನ್ನೊಂದು ಓಟ! ಬೆವರಿಳಿಯುತ್ತ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ ಈ ಮನುಷ್ಯನನ್ನು ಅವಳು ಒಮ್ಮೆಯಾದರೂ ಸರಿಯಾಗಿ ನೋಡಿದ್ದಳಾ? ಅವಳ ಕಣ್ಣು ಯಾವಾಗಲೂ ಅಣ್ಣನ ಹಿಂದೆ ಓಡುತ್ತಿತ್ತು. ನೀರಿನ ಬಾಟಲಿಯನ್ನೂ ಅವನ ಕಡೆ ನೋಡದೆಯೇ ಚಾಚುತ್ತಿದ್ದಳು.

ಈಗ ನೋಡಿದಳು. ಬಿಸಿಲಿಗೆ ಕಂದಿದ ಮುಖ, ಸುಳ್ಳು ಹೇಳಲು ಬಾರದ ಕಣ್ಣು. ಎದೆಯೊಳಗೆ ಏನೋ ಒಂದು ಮೆತ್ತಗೆ ಮಿಸುಕಾಡಿತು. ಅಳುವೋ ನಗುವೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೇ ಬಂತು.

"ಇಷ್ಟು ದಿನ ಒಂದು ಮಾತೂ ಆಡಲಿಲ್ವಲ್ರೀ!"

"ನೀವು ನನ್ನ ಜೊತೆ ಆಡ್ತಿದ್ದದ್ದೇ ಒಂದು ಮಾತು. ಅದೂ 'ಬಿಡು' ಅಂತ. ಅದಕ್ಕೆ ಏನಂತ ಉತ್ತರ ಕೊಡ್ಲಿ?"

ಅವಳು ಕಣ್ಣೊರೆಸಿಕೊಂಡು ಜೋರಾಗಿ ನಕ್ಕಳು. ಅವನೂ ನಕ್ಕ. ಇಬ್ಬರೂ ಬಗ್ಗಿ ಕಾಗದ ಆಯ್ದರು. ಕೊನೆಯ ಹಾಳೆಗೆ ಇಬ್ಬರ ಕೈಯೂ ಒಟ್ಟಿಗೇ ಹೋಯಿತು. ಯಾರೂ ಕೈ ಹಿಂದೆ ತೆಗೆಯಲಿಲ್ಲ.

"ಮುಂದಿನ ಓಟಕ್ಕೆ ಆ ಕಂಬದ ಹತ್ರ ಬೇರೆ ಯಾರೋ ಇರ್ತಾರೆ, ಅಲ್ವಾ?" ಅವನು ಕೇಳಿದ. ಗೆದ್ದವನ ದನಿಯಂತೆ ಇರಲಿಲ್ಲ ಅದು.

"ಇರ್ತಾರೆ. ನಂಗೆ ಕೆಲಸ ಹೋಯ್ತಲ್ಲ."

"ಮತ್ತೆ... ನೀವು ಎಲ್ಲಿರ್ತೀರಿ?"

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ನೀನು ಓಟ ಮುಗಿಸೋ ಕಡೆ."

ಅವನು ಉಸಿರಾಡುವುದನ್ನೇ ಮರೆತ. ನಲವತ್ತೆರಡು ಕಿಲೋಮೀಟರ್ ಓಡಿದಾಗಲೂ ಅವನಿಗೆ ಹಾಗಾಗಿರಲಿಲ್ಲ.

"ನೀನು... ಅಂದ್ರಾ?"

"ಅಂದೆ. ಯಾಕೆ, ತಪ್ಪಾಯ್ತಾ?"

"ಇಲ್ಲ ಇಲ್ಲ! ಇನ್ನೊಂದ್ಸಲ ಅನ್ನಿ."

"ಮೊದ್ಲು ನೀನು ಅನ್ನು."

ಅವನು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮುಚ್ಚಿದ. ಮೂರನೇ ಸಲಕ್ಕೆ, ಕಿವಿಯವರೆಗೂ ಕೆಂಪಾಗಿ, ಮೆಲ್ಲಗೆ ಅಂದ.

"ನೀನು."